ತದಡಿಯಿಂದ ಹೊರಟ ನಾಲ್ಕು ಹಡಗುಗಳು

ಮಾಘ ಮಾಸದಲ್ಲಿ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಗಾಡಿ ಹೂಡಿಕೊಂಡು ಬರುವ ಭಕ್ತರಿಗೆ ಉಳವಿಯೆಂದರೆ ದಾರಿಯ ಕೊನೆ. ಬಯಲು ಮುಗಿದು, ಹಳಿಯಾಳ, ದಾಂಡೇಲಿ ದಾಟಿ, ಕಾಡು ದಟ್ಟವಾಗುತ್ತ ಹೋಗಿ ಗಾಡಿಗಳು ಅಲ್ಲಿ ಕೊರಳು ಇಳಿಸುತ್ತವೆ. ಹಿಂದಿನ ಕಾಲದ ವ್ಯಾಪಾರಿಗೆ, ಅರಸನಿಗೆ ಮಾತ್ರ ಈ ಕಾಡು ಬೇರೆಯಾಗಿ ಕಾಣುತ್ತಿತ್ತು. ಅವರ ಪಾಲಿಗೆ ಇದು ಬಯಲುಸೀಮೆಗೂ ಸಮುದ್ರಕ್ಕೂ ನಡುವಿನ ಬಾಗಿಲು. ಇಲ್ಲಿಯ ಹೊಳೆಗಳೆಲ್ಲ ಪಶ್ಚಿಮಕ್ಕೆ ಹರಿಯುತ್ತವೆ. ಉಳವಿ, ಸೂಪಾ ಕಡೆಯ ನೀರನ್ನು ಕಾಳಿ ನದಿ ಕಾರವಾರಕ್ಕೆ ಒಯ್ಯುತ್ತದೆ. ಶಿರಸಿ ಸೀಮೆಯಲ್ಲಿ ಹುಟ್ಟಿದ ಅಘನಾಶಿನಿ ಕುಮಟೆ ಮತ್ತು ಗೋಕರ್ಣಗಳ ನಡುವೆ ತದಡಿಯಲ್ಲಿ ಕಡಲು ಸೇರುತ್ತದೆ. ಘಟ್ಟದ ಮೇಲಿನ ಮೆಣಸು, ಏಲಕ್ಕಿಗಳೂ ಇದೇ ದಿಕ್ಕಿನಲ್ಲಿ ಇಳಿದು ಕಡಲಾಚೆಗೆ ಹೋಗುತ್ತಿದ್ದವು.

ಉಳವಿ, ಸೂಪಾದ ಈ ಕಾಡುನಾಡು ಬಹುಕಾಲ ಸೋದೆಯ ಅರಸರದಾಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಸೋದೆಯ ಸರದಿ ಬಂತು. ಅಲ್ಲಿಯ ಅರಸ ಇಮ್ಮಡಿ ಸದಾಶಿವನಾಯಕ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಹೀಗೆ ಕಡಲಿನಿಂದ ಬಹುದೂರವಿದ್ದ ಶ್ರೀರಂಗಪಟ್ಟಣಕ್ಕೆ ಒಮ್ಮೆಲೇ ಕರಾವಳಿಯ ಬಂದರುಗಳು ಸಿಕ್ಕವು. ಮಂಗಳೂರು, ಹೊನ್ನಾವರಗಳ ಜತೆಗೆ ತದಡಿಯೂ ಮೈಸೂರಿನದಾಯಿತು. ಇಪ್ಪತ್ತಮೂರು ವರ್ಷಗಳ ನಂತರ, 1786ರ ಮಾರ್ಚ್ 9ರಂದು, ಈ ತದಡಿಯಿಂದಲೇ ನಾಲ್ಕು ಹಡಗುಗಳು ಲಂಗರು ಎತ್ತಿದವು. ಅವುಗಳಲ್ಲಿದ್ದವರು ಸುಮಾರು ಒಂಬತ್ತು ನೂರು ಜನ. ಹೋಗಬೇಕಾಗಿದ್ದುದು ಆಟೊಮನ್ ತುರ್ಕರ ರಾಜಧಾನಿ ಇಸ್ತಾಂಬುಲ್‌ಗೆ. ಕಳುಹಿಸಿದವನು ಟಿಪ್ಪು ಸುಲ್ತಾನ.

ಕನ್ನಡ ನಾಡಿನಿಂದ ಪರದೇಶಕ್ಕೆ ಹೊರಟ ರಾಯಭಾರಗಳಲ್ಲಿ ಇಷ್ಟು ದೊಡ್ಡದು ಅಪರೂಪ. ಆ ಒಂಬತ್ತು ನೂರು ಜನರಲ್ಲಿ ಊರಿಗೆ ಮರಳಿದವರು ಕೆಲವರು ಮಾತ್ರ. ಅವರು ತಂದ ಫಲವೂ ಕಡಿಮೆ. ಆದರೂ ಈ ಪ್ರಯಾಣವನ್ನು ನೆನೆಯಬೇಕಾದ ಕಾರಣವಿದೆ. ರಾಜ್ಯ ರಾಜ್ಯಗಳ ನಡುವಣ ಸ್ನೇಹವೆಂಬುದು ಯಾವುದರ ಮೇಲೆ ನಿಂತಿರುತ್ತದೆ ಎಂಬುದನ್ನು ಇದು ತಿಳಿಸುತ್ತದೆ.

ಹಳೆಯ ದಾರಿ

ಕರ್ನಾಟಕದ ಅರಸರಿಗೆ ದೂರದೇಶದ ರಾಯಭಾರ ಹೊಸದೇನೂ ಆಗಿರಲಿಲ್ಲ. ಇಮ್ಮಡಿ ಪುಲಕೇಶಿಗೂ ಪಾರಸಿಕ ದೊರೆ ಇಮ್ಮಡಿ ಖುಸ್ರುವಿಗೂ ನಡುವೆ ಪತ್ರ, ಕಾಣಿಕೆಗಳ ವಿನಿಮಯವಿತ್ತೆಂಬುದನ್ನು ಇತಿಹಾಸಕಾರ ತಬರಿಯ ಬರಹದಿಂದ ತಿಳಿಯುತ್ತೇವೆ. ಅದು ಏಳನೆಯ ಶತಮಾನದ ಮಾತು. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದು ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ತಿಂಗಳುಗಟ್ಟಲೆ ಇದ್ದ. ಅರಮನೆಯಿಂದ ಅವನಿಗೆ ದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಪಡಿಯೂ ಎರಡು ವರಹವೂ ಬರುತ್ತಿತ್ತು. ಆಮೇಲೆ ಹೊರ್ಮುಜ್‌ನ ವರ್ತಕರು, ಇವನು ನಿಜವಾದ ರಾಯಭಾರಿಯೇ ಅಲ್ಲ, ಯಾವ ದೊರೆಯೂ ಇವನನ್ನು ಕಳುಹಿಸಿಲ್ಲ ಎಂದು ಗುಲ್ಲೆಬ್ಬಿಸಿದರು. ಪಡಿ ನಿಂತುಹೋಯಿತು. ಕೊನೆಗೆ ದೇವರಾಯ ಅವನನ್ನು ಬರಿಗೈಯಲ್ಲಿ ಕಳುಹಿಸದೆ ತನ್ನ ರಾಯಭಾರಿಗಳನ್ನೂ ಜತೆಗೂಡಿಸಿದ. ಮರುವರ್ಷದ ಆರಂಭದಲ್ಲಿ ಅಬ್ದುರ್ ರಜಾಕ್ ಊರಿಗೆ ಹಡಗು ಹತ್ತಿದ್ದು ಹೊನ್ನಾವರದಿಂದ.

1623ರಲ್ಲಿ ಇದೇ ಹೊನ್ನಾವರದಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಬ್ಬ ಇಳಿದು, ಗೇರುಸೊಪ್ಪೆಯ ಹೊಳೆಯ ಮೂಲಕ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೋದ. ಜತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಪ್ರಯಾಣವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೀಗೆ ಉತ್ತರ ಕನ್ನಡದ ಬಂದರುಗಳು ಅರಸರ ಓಲೆಗಳು ಹತ್ತಿ ಇಳಿಯುವ ಮೆಟ್ಟಿಲುಗಳಾಗಿದ್ದವು. ಟಿಪ್ಪುವಿನ ಹಡಗುಗಳು ಹಿಡಿದದ್ದು ಈ ಹಳೆಯ ದಾರಿಯನ್ನೇ. ಕಾಲ ಮಾತ್ರ ಬದಲಾಗಿತ್ತು. ಆ ಕಡಲಿನಲ್ಲಿ ಈಗ ಇಂಗ್ಲಿಷರ ಹಡಗುಗಳಿದ್ದವು.

ರಾಯಭಾರದ ಹಿನ್ನೆಲೆ

1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದದಿಂದ ಎರಡನೆಯ ಮೈಸೂರು ಯುದ್ಧ ಮುಗಿದಿತ್ತು. ಅದು ಗೆಲುವೂ ಅಲ್ಲದ, ಸೋಲೂ ಅಲ್ಲದ ಒಪ್ಪಂದ. ಇಂಗ್ಲಿಷರು ಮತ್ತೆ ಬರುತ್ತಾರೆಂಬುದರಲ್ಲಿ ಟಿಪ್ಪುವಿಗೆ ಅನುಮಾನವಿರಲಿಲ್ಲ. ಉತ್ತರದಲ್ಲಿ ಮರಾಠರೊಡನೆ ಜಗಳ ಬೇರೆ ಹೊತ್ತಿಕೊಂಡಿತ್ತು. 1785ರಲ್ಲಿ ನರಗುಂದ, ಕಿತ್ತೂರುಗಳು ಮೈಸೂರು ಸೇನೆಯ ಕೈಸೇರಿದ್ದವು. ಮರಾಠರೂ ಹೈದರಾಬಾದಿನ ನಿಜಾಮನೂ ಒಂದಾಗಿ ಎದುರು ನಿಂತಿದ್ದರು.

ಇನ್ನೊಂದು ತೊಡಕು ಬಿರುದಿನದು. ಆ ಕಾಲದಲ್ಲಿ ಒಬ್ಬ ನವಾಬನಾಗಲಿ, ಸುಬೇದಾರನಾಗಲಿ ನ್ಯಾಯವಾದ ಒಡೆಯನೆನಿಸಿಕೊಳ್ಳಬೇಕಾದರೆ ದೆಹಲಿಯ ಮೊಗಲ್ ಪಾದಷಾಹನ ಸನ್ನದು ಬೇಕಿತ್ತು. ಕೈಯಲ್ಲಿ ಅಧಿಕಾರವಿಲ್ಲದಿದ್ದರೂ ಆ ಸಿಂಹಾಸನದ ಮುದ್ರೆಗೆ ಬೆಲೆಯಿತ್ತು. ಮೈಸೂರಿನ ಒಡೆಯರ್ ಮನೆತನ ಹೆಸರಿಗಾದರೂ ಇದ್ದಾಗ, ಸೇನಾಪತಿಯೊಬ್ಬನ ಮಗ ಪಟ್ಟವೇರುವುದನ್ನು ನಿಜಾಮನಂಥವರು ಒಪ್ಪಿರಲಿಲ್ಲ. ದೆಹಲಿಯ ಷಾ ಆಲಂ ಸ್ವತಃ ಮಹಾದಜಿ ಸಿಂಧಿಯಾನ ಹಿಡಿತದಲ್ಲಿದ್ದ. ಅಲ್ಲಿಂದ ಸನ್ನದು ಸಿಗುವ ಆಸೆಯಿರಲಿಲ್ಲ. ಟಿಪ್ಪು ದೆಹಲಿಯನ್ನು ಬಿಟ್ಟು ಇನ್ನೂ ದೊಡ್ಡದೊಂದು ಮುದ್ರೆಯ ಕಡೆ ನೋಡಿದ. ಆಟೊಮನ್ ಸುಲ್ತಾನ ಇಸ್ಲಾಂ ಜಗತ್ತಿನ ಖಲೀಫನೆಂದು ಹೇಳಿಕೊಳ್ಳುತ್ತಿದ್ದ. ಅವನಿಂದಲೇ ಮನ್ನಣೆ ಬಂದರೆ ದೆಹಲಿಯ ಹಂಗು ತಪ್ಪುತ್ತಿತ್ತು. 1784ರಲ್ಲೇ ಉಸ್ಮಾನ್ ಖಾನ್ ಎಂಬವನನ್ನು ಮುಂದಾಗಿ ಕಳುಹಿಸಿ, ಅಲ್ಲಿಯವರ ಮನಸ್ಸು ಹೇಗಿದೆಯೆಂದು ತಿಳಿದುಕೊಂಡದ್ದಾಗಿತ್ತು.

ಮುಖ್ಯ ರಾಯಭಾರಿಗಳು ನಾಲ್ವರು: ಗುಲಾಮ್ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್ ಮತ್ತು ಜಾಫರ್ ಖಾನ್. ಗುಲಾಮ್ ಅಲಿ ಮುಖ್ಯಸ್ಥ. ಇವರು 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣ ಬಿಟ್ಟು, ಘಟ್ಟ ಇಳಿದು, ಗಾಳಿಗಾಗಿ ಕಾದು ಮಾರ್ಚ್‌ನಲ್ಲಿ ಹಡಗು ಹತ್ತಿದರು. ಜತೆಗಿದ್ದ ಕಾರಕೂನ ಖ್ವಾಜಾ ಅಬ್ದುಲ್ ಖಾದಿರ್ ಪ್ರಯಾಣದ ದಿನಚರಿಯನ್ನು ಪಾರಸಿಯಲ್ಲಿ ಬರೆದ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ 1968ರಲ್ಲಿ ಅಚ್ಚು ಹಾಕಿಸಿದರು. ರಾಯಭಾರದ ಮೊದಲ ಭಾಗದ ವಿವರಗಳು ತಿಳಿಯುವುದು ಬಹುಮಟ್ಟಿಗೆ ಈ ದಿನಚರಿಯಿಂದ.

ಬಿರುದಿಗಿಂತ ಬಂದರು ಮುಖ್ಯ

ರಾಯಭಾರಿಗಳ ಕೈಗೆ ಟಿಪ್ಪು ಕೊಟ್ಟ ಹುಕುಂನಾಮೆಯನ್ನು ನೋಡಿದರೆ ಅವನ ನಿಜವಾದ ಗುರಿ ತಿಳಿಯುತ್ತದೆ. ಬಿರುದು, ಸೇನಾ ಸಹಾಯಗಳ ಮಾತು ಅದರಲ್ಲಿತ್ತು. ತುರ್ಕ ಸೈನಿಕರು ಬಂದರೆ ಅವರ ಖರ್ಚನ್ನು ತಾನೇ ಭರಿಸುವುದಾಗಿ ಹೇಳಿದ್ದ. ಆದರೆ ಎಲ್ಲಕ್ಕಿಂತ ವಿಶೇಷವಾದದ್ದು ಬಂದರಿನ ಬೇಡಿಕೆ. ಪರ್ಷಿಯಾ ಕೊಲ್ಲಿಯ ತುದಿಯಲ್ಲಿದ್ದ ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆ ಕೊಡಬೇಕು, ಅದಕ್ಕೆ ಬದಲಾಗಿ ತುರ್ಕರು ಮಂಗಳೂರನ್ನು ಇಟ್ಟುಕೊಳ್ಳಬಹುದು! ಬಂದೂಕು, ಫಿರಂಗಿ ಮಾಡುವವರು, ಗಡಿಯಾರ ಕಟ್ಟುವವರು, ಗಾಜು, ಪಿಂಗಾಣಿ ಕೆಲಸದವರು ಬೇಕೆಂದೂ ಕೇಳಿದ್ದ. ಇರಾಕಿನ ಪವಿತ್ರ ನಗರ ನಜಫ್‌ಗೆ ಯೂಫ್ರೆಟಿಸ್ ನದಿಯಿಂದ ಕಾಲುವೆ ತೋಡಿಸಿ ನೀರು ಕೊಡುವ ಯೋಚನೆಯೂ ಅದರಲ್ಲಿತ್ತು.

ಈ ಬೇಡಿಕೆಗಳ ಹಿಂದೆ ಒಂದು ಲೆಕ್ಕವಿತ್ತು. ಘಟ್ಟದ ಮೆಣಸು, ಏಲಕ್ಕಿ, ಗಂಧ, ಕರಾವಳಿಯ ಅಕ್ಕಿಗೆ ಅರಬರ ನಾಡುಗಳಲ್ಲಿ ಬೇಡಿಕೆಯಿತ್ತು. ಅವುಗಳನ್ನು ಇಂಗ್ಲಿಷ್ ವರ್ತಕರ ಕೈಗೆ ಹಾಕದೆ ನೇರವಾಗಿ ಮಾರಿದರೆ ಬೊಕ್ಕಸಕ್ಕೆ ಲಾಭ, ಇಂಗ್ಲಿಷರಿಗೆ ನಷ್ಟ. ಮಸ್ಕತ್‌ನಲ್ಲಿ ಟಿಪ್ಪು ಆಗಲೇ ಒಂದು ವ್ಯಾಪಾರದ ಕೋಠಿ ತೆರೆದಿದ್ದ. ಅಲ್ಲಿಯ ತನ್ನ ಅಧಿಕಾರಿಗಳಿಗೆ ಆ ವರ್ಷಗಳಲ್ಲಿ ಅವನು ಬರೆದ ಪತ್ರಗಳಲ್ಲಿ ರೇಷ್ಮೆ ಹುಳು, ಅವುಗಳನ್ನು ಸಾಕಬಲ್ಲವರು, ಕೇಸರಿಯ ಬೀಜ, ಮುತ್ತು ತೆಗೆಯುವ ಮುಳುಗುಗಾರರು, ಹಡಗು ಕಟ್ಟುವ ಬಡಗಿಗಳು ಬೇಕೆಂಬ ಒತ್ತಾಯ ಮತ್ತೆ ಮತ್ತೆ ಬರುತ್ತದೆ. ಈ ಪತ್ರಗಳ ಸಂಗ್ರಹವನ್ನು ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದವನು ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್.

ಆದ್ದರಿಂದ ತದಡಿಯಿಂದ ಹೊರಟ ಹಡಗುಗಳು ರಾಯಭಾರದ ಹಡಗುಗಳೂ ಹೌದು, ಸರಕಿನ ಹಡಗುಗಳೂ ಹೌದು. ದಾರಿಖರ್ಚನ್ನು ಸರಕು ಮಾರಿಯೇ ಹುಟ್ಟಿಸಬೇಕಿತ್ತು. ನಾಲ್ಕು ಆನೆಗಳನ್ನೂ ಹತ್ತಿಸಲಾಗಿತ್ತು. ಮೊದಲಿನ ಯೋಜನೆಯಂತೆ ಇಸ್ತಾಂಬುಲ್ ಮುಗಿಸಿ ಈ ತಂಡ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಗಬೇಕಾಗಿತ್ತು.

ಕಡಲು, ಕಾಯುವಿಕೆ, ಪಿಡುಗು

ಮೊದಲ ನಿಲುಗಡೆ ಮಸ್ಕತ್. ಸರಕು ಮಾರುವುದರಲ್ಲಿ, ಅಲ್ಲಿಯ ಒಡೆಯನ ಉಪಚಾರದಲ್ಲಿ ದಿನಗಳು ಕಳೆದವು. ಅಲ್ಲಿಂದ ಪರ್ಷಿಯಾದ ಬುಷೇರ್ ಬಂದರು. ಬಸ್ರಾ ತಲುಪುವಾಗ ಆಗಸ್ಟ್ ತಿಂಗಳು. ತದಡಿ ಬಿಟ್ಟು ಐದು ತಿಂಗಳಾಗಿತ್ತು. ಬಿರುಗಾಳಿಗೂ ಬೆಂಕಿಗೂ ಹಡಗುಗಳು ಬಲಿಯಾದವು, ಜನರೂ ಸತ್ತರು. ಆನೆಗಳು ಇಸ್ತಾಂಬುಲ್ ನೋಡುವವರೆಗೆ ಬದುಕಲಿಲ್ಲ.

ಬಸ್ರಾದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಬಂದರು ಇಸ್ತಾಂಬುಲ್‌ನ ಸುಲ್ತಾನನಿಗೆ ಸೇರಿದ್ದರೂ ಅದರ ಮೇಲಿನ ಅಧಿಕಾರ ಬಾಗ್ದಾದಿನ ಸುಲೈಮಾನ್ ಪಾಷಾನದು. ಅವನ ಅಪ್ಪಣೆಯಿಲ್ಲದೆ ಮುಂದೆ ಹೋಗುವಂತಿರಲಿಲ್ಲ. ನೂರಾರು ಜನರ ಊಟ, ವಸತಿ, ಸಂಬಳ. ಮಾರದೆ ಉಳಿದ ಸರಕು. ರಾಯಭಾರಿಗಳ ಒಳಜಗಳ ಇವೆಲ್ಲ ಸೇರಿ ಬೊಕ್ಕಸವನ್ನೂ ಧೈರ್ಯವನ್ನೂ ಕರಗಿಸಿದವು. ಟಿಪ್ಪು ಯಾವ ಬಂದರನ್ನು ಗುತ್ತಿಗೆ ಕೇಳಲು ಇವರನ್ನು ಕಳುಹಿಸಿದ್ದನೋ ಅದೇ ಬಂದರಿನಲ್ಲಿ ಇವರು ಅಪ್ಪಣೆಗಾಗಿ ಕಾಯುತ್ತ ಕುಳಿತಿದ್ದರು.

ಕೊನೆಗೆ ಬಾಗ್ದಾದಿನ ಮಾರ್ಗವಾಗಿ ಇಸ್ತಾಂಬುಲ್ ಸೇರಿದ್ದು 1787ರ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಸುಲ್ತಾನ ಒಂದನೆಯ ಅಬ್ದುಲ್ ಹಮೀದ್ ದರ್ಶನ ಕೊಟ್ಟ. ಮರ್ಯಾದೆಗೆ ಕೊರತೆಯಾಗಲಿಲ್ಲ. ಆದರೆ ಇವರು ಬಂದ ಗಳಿಗೆ ಕೆಟ್ಟದಾಗಿತ್ತು. ಆಗಸ್ಟ್‌ನಲ್ಲಷ್ಟೇ ತುರ್ಕರು ರಷ್ಯಾದ ಮೇಲೆ ಯುದ್ಧ ಸಾರಿದ್ದರು. ಕ್ರಿಮಿಯಾವನ್ನು ಕಳೆದುಕೊಂಡ ನೋವು ಅವರಿಗೆ ಇನ್ನೂ ಹಸಿಯಾಗಿತ್ತು. ಯುರೋಪಿನಲ್ಲಿ ಅವರಿಗೆ ಇಂಗ್ಲಿಷರ ಸ್ನೇಹ ಬೇಕಿತ್ತು. ಸಾವಿರಾರು ಮೈಲಿ ಆಚೆಯ ಮೈಸೂರಿಗಾಗಿ ಅದನ್ನು ಕೆಡಿಸಿಕೊಳ್ಳಲು ಅವರು ಸಿದ್ಧರಿರಲಿಲ್ಲ. ಇಂಗ್ಲಿಷರ ರಾಯಭಾರಿ ಸರ್ ರಾಬರ್ಟ್ ಐನ್ಸ್ಲಿ ಅಲ್ಲೇ ಕುಳಿತು ಈ ಅತಿಥಿಗಳ ಚಲನವಲನವನ್ನು ತನ್ನ ಸರಕಾರಕ್ಕೆ ಬರೆಯುತ್ತಿದ್ದ.

ಟಿಪ್ಪುವಿಗೆ ಬಿರುದಿನ ಮನ್ನಣೆ ಸಿಕ್ಕಿತು. ತನ್ನ ಹೆಸರಿನಲ್ಲಿ ನಾಣ್ಯ ಅಚ್ಚು ಹಾಕಿಸಲು, ಶುಕ್ರವಾರದ ಪ್ರಾರ್ಥನೆಯ ಖುತ್ಬಾದಲ್ಲಿ ತನ್ನ ಹೆಸರು ಓದಿಸಲು ಒಪ್ಪಿಗೆ ದೊರೆಯಿತು. ಬಸ್ರಾ ಮಾತ್ರ ಸಿಗಲಿಲ್ಲ. ಸೈನ್ಯದ ಸಹಾಯವೂ ಬರಲಿಲ್ಲ. ಖರ್ಚಿಲ್ಲದೆ ಕೊಡಬಹುದಾದದ್ದನ್ನು ಕೊಟ್ಟರು, ಉಳಿದದ್ದಕ್ಕೆ ಸವಿಮಾತು ಹೇಳಿದರು.

ಈ ನಡುವೆ ಇಸ್ತಾಂಬುಲ್‌ನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಚಳಿಯೂ ಹಿಂದೆ ಕಂಡರಿಯದ್ದು. ಕನ್ನಡ ನಾಡಿನಿಂದ ಹೋದ ಸಿಪಾಯಿಗಳು, ಅಡಿಗೆಯವರು, ಆಳುಗಳು ಒಬ್ಬೊಬ್ಬರಾಗಿ ಸತ್ತರು. ರಾಯಭಾರಿಗಳಲ್ಲಿ ನೂರುಲ್ಲಾ ಖಾನ್, ಜಾಫರ್ ಖಾನ್ ಕೂಡ ಊರಿಗೆ ಮರಳಲಿಲ್ಲ. ಉಳಿದವರು 1788ರಲ್ಲಿ ಹೊರಟು, ಈಜಿಪ್ಟ್ ದಾಟಿ, ಮೆಕ್ಕಾ, ಮದೀನಾಗಳ ಯಾತ್ರೆ ಮುಗಿಸಿ ಕಲ್ಲಿಕೋಟೆಗೆ ಬಂದಿಳಿದಾಗ 1789ರ ಕೊನೆ. ನಾಲ್ಕು ವರ್ಷ ಕಳೆದಿತ್ತು. ಆಗ ಟಿಪ್ಪು ತಿರುವಾಂಕೂರಿನ ಗಡಿಯ ಕೋಟೆಸಾಲಿನ ಮೇಲೆ ದಂಡೆತ್ತಿ ಹೋಗಿದ್ದ. ಯಾವ ಯುದ್ಧವನ್ನು ಎದುರಿಸಲು ಮಿತ್ರರನ್ನು ಹುಡುಕಲು ಇವರನ್ನು ಕಳುಹಿಸಿದ್ದನೋ ಆ ಯುದ್ಧ ಇವರು ಬರುವ ಹೊತ್ತಿಗೆ ಬಾಗಿಲಿಗೆ ಬಂದಿತ್ತು.

ಪ್ಯಾರಿಸ್ಸಿನ ಅತಿಥಿಗಳು

ಇಸ್ತಾಂಬುಲ್‌ನಿಂದ ಸುದ್ದಿ ಬರುವುದನ್ನು ಕಾಯದೆ ಟಿಪ್ಪು 1787ರಲ್ಲಿ ಪಾಂಡಿಚೇರಿಯಿಂದ ಇನ್ನೊಂದು ನಿಯೋಗವನ್ನು ಫ್ರಾನ್ಸಿಗೆ ಕಳುಹಿಸಿದ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ಅದರ ಮುಖ್ಯರು. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಪ್ಯಾರಿಸ್ ನಗರ ಇವರ ಉಡುಗೆ ತೊಡುಗೆ ನೋಡಲು ಮುಗಿಬಿದ್ದಿತು. ಪ್ರಸಿದ್ಧ ಕಲಾವಿದೆ ವಿಜೆ ಲ ಬ್ರಾಂ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಆದರೆ ಆ ಅರಸನ ಬೊಕ್ಕಸ ಬರಿದಾಗಿತ್ತು. ಸೈನ್ಯದ ಬದಲು ಕೆಲವರು ಕುಶಲಕರ್ಮಿಗಳು, ಗಿಡ ಬೀಜಗಳು, ಪಿಂಗಾಣಿಯ ಉಡುಗೊರೆಗಳು ಸಿಕ್ಕವು. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು.

ಹೊರಗಿನಿಂದ ಯಾರೂ ನೆರವಿಗೆ ಬರದೆ ಮೈಸೂರು ಮೂರನೆಯ ಯುದ್ಧವನ್ನು ಸೋತಿತು. 1792ರಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆ ಮಕ್ಕಳನ್ನು ಕರೆದೊಯ್ದು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ ವಕೀಲ ಬೇರೆ ಯಾರೂ ಅಲ್ಲ, ಇಸ್ತಾಂಬುಲ್‌ಗೆ ಹೋಗಿ ಬಂದ ಅದೇ ಗುಲಾಮ್ ಅಲಿ ಖಾನ್. ಖಲೀಫನ ಮುಂದೆ ಅರಸನ ಓಲೆಯಿಟ್ಟ ಕೈಗಳಿಗೆ ಐದು ವರ್ಷಗಳಾಗುವುದರೊಳಗೆ ಈ ಕೆಲಸ ಬಂತು.

ತಡವಾಗಿ ಬಂದ ಉತ್ತರ

ಕಥೆಯ ಕೊನೆ ಇನ್ನೂ ಕಹಿಯಾದದ್ದು. 1797ರಲ್ಲಿ ಟಿಪ್ಪು ಮಂಗಳೂರಿನಿಂದ ಗುಟ್ಟಾಗಿ ಇಬ್ಬರು ದೂತರನ್ನು ಫ್ರೆಂಚರ ಮಾರಿಷಸ್ ದ್ವೀಪಕ್ಕೆ ಕಳುಹಿಸಿದ. ಅಲ್ಲಿಯ ಗವರ್ನರ್ ಮಾಲರ್ತಿಕ್ 1798ರ ಜನವರಿಯಲ್ಲಿ, ಮೈಸೂರಿನ ದೊರೆಗೆ ಇಂಗ್ಲಿಷರ ವಿರುದ್ಧ ಹೋರಾಡಲು ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಡಂಗುರ ಹೊಡೆಸಿದ. ಮಂಗಳೂರಿಗೆ ಬಂದಿಳಿದದ್ದು ನೂರು ಜನರೂ ಇಲ್ಲದ ಒಂದು ಗುಂಪು. ಆ ಡಂಗುರದ ಸುದ್ದಿ ಕಲ್ಕತ್ತೆ ಮುಟ್ಟಿದಾಗ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ಕಾರಣ ಸಿಕ್ಕಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದ. ಈಜಿಪ್ಟ್ ತುರ್ಕ ಸುಲ್ತಾನನ ನಾಡು. ಹೀಗಾಗಿ ತುರ್ಕರೂ ಇಂಗ್ಲಿಷರೂ ಮಿತ್ರರಾದರು. ಆಗಿನ ಸುಲ್ತಾನ ಮೂರನೆಯ ಸಲೀಂ 1798ರ ಸೆಪ್ಟೆಂಬರಿನಲ್ಲಿ ಟಿಪ್ಪುವಿಗೆ ಒಂದು ಪತ್ರ ಬರೆದ. ಫ್ರೆಂಚರನ್ನು ನಂಬಬೇಡ, ಇಂಗ್ಲಿಷರೊಡನೆ ಜಗಳವಿದ್ದರೆ ತಾನು ಸಂಧಾನ ಮಾಡಿಸುತ್ತೇನೆ ಎಂಬುದು ಅದರ ಸಾರ. ತದಡಿಯಿಂದ ಹೋದ ರಾಯಭಾರಿಗಳು ಹದಿನೆಂಟು ತಿಂಗಳು ಅಲೆದ ದಾರಿಯನ್ನು ಈ ಪತ್ರ ನಾಲ್ಕೇ ತಿಂಗಳಲ್ಲಿ ದಾಟಿತು. ಅದನ್ನು ಹೊತ್ತು ತಂದವರು ತುರ್ಕ ದೂತರಲ್ಲ. ಇಸ್ತಾಂಬುಲ್‌ನ ಇಂಗ್ಲಿಷ್ ಅಧಿಕಾರಿಗಳ ಮೂಲಕ ಅದು ಇಂಡಿಯಾಕ್ಕೆ ಬಂತು. 1799ರ ಜನವರಿಯಲ್ಲಿ ಸ್ವತಃ ವೆಲ್ಲೆಸ್ಲಿ ಅದನ್ನು ಶ್ರೀರಂಗಪಟ್ಟಣಕ್ಕೆ ರವಾನಿಸಿದ. ಖಲೀಫನ ಮಾತು ಮೈಸೂರಿಗೆ ಬಂದದ್ದು ಮೈಸೂರಿನ ಶತ್ರುವಿನ ಟಪಾಲಿನಲ್ಲಿ! ಟಿಪ್ಪು ವಿನಯದಿಂದಲೇ ಉತ್ತರ ಬರೆದ. ಅದಾಗಿ ಮೂರು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಅವನೂ ಅಲ್ಲೇ ಮಡಿದ.

ಟಿಪ್ಪುವಿನ ಹುಕುಂನಾಮೆಯಲ್ಲಿ ಬಸ್ರಾ ಬಂದರಿನ ಬೇಡಿಕೆಗೆ ಏಕೆ ಅಷ್ಟು ಮಹತ್ವವಿತ್ತು ಎಂಬುದು ಇಲ್ಲಿ ಅರ್ಥವಾಗುತ್ತದೆ. ಓಲೆಯ ಭಾಷೆ ಎಷ್ಟೇ ಆತ್ಮೀಯವಾಗಿರಲಿ, ಉಡುಗೊರೆ ಎಷ್ಟೇ ಬೆಲೆಬಾಳಲಿ, ಅವು ಸಾಗುವ ಕಡಲು, ಬಂದರು, ದಾರಿಗಳು ಯಾರ ಕೈಯಲ್ಲಿವೆಯೋ ಕೊನೆಯ ಮಾತು ಅವರದಾಗುತ್ತದೆ. ದಾರಿ ತನ್ನದಾಗಬೇಕೆಂದು ಟಿಪ್ಪು ಸರಿಯಾಗಿಯೇ ಎಣಿಸಿದ್ದ. ಆದರೆ ಆ ದಾರಿಯನ್ನು ಕೊಡಲು ಇಸ್ತಾಂಬುಲ್‌ನವರಿಗೆ ಮನಸ್ಸಿರಲಿಲ್ಲ, ಕಿತ್ತುಕೊಳ್ಳಲು ಮೈಸೂರಿಗೆ ಬಲವಿರಲಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿಯೂ ಸೋದೆ ಸೀಮೆಯೂ ಕಂಪನಿಯ ವಶವಾದವು. ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರಾಗಿ ಥಾಮಸ್ ಮನ್ರೊ ಬಂದ. ಉಳವಿ, ಸೂಪಾದ ಕಾಡು ಮತ್ತೊಮ್ಮೆ ಒಡೆಯನನ್ನು ಬದಲಿಸಿತು. ಘಟ್ಟದ ಮೆಣಸು ಎಂದಿನಂತೆ ಇಳಿಯಿತು. ಅದು ಯಾವ ಹಡಗು ಹತ್ತಬೇಕೆಂದು ಹೇಳುವವರು ಮಾತ್ರ ಬೇರೆಯಾದರು.

ಇಂದಿನ ತದಡಿ ಒಂದು ಮೀನುಗಾರಿಕೆಯ ಬಂದರು. ಅಘನಾಶಿನಿಯ ಅಳಿವೆಯಲ್ಲಿ ದೋಣಿಗಳು ಬೆಳಗಿಗೆ ಹೊರಟು ಸಂಜೆಗೆ ಮರಳುತ್ತವೆ. ಪ್ಯಾರಿಸ್ಸಿಗೆ ಹೋದ ದರ್ವೇಶ್ ಖಾನನ ಮುಖವನ್ನು ಜಗತ್ತು ಇಂದಿಗೂ ಚಿತ್ರದಲ್ಲಿ ನೋಡಬಹುದು. ತದಡಿಯಿಂದ ಹೊರಟ ಆ ಒಂಬತ್ತು ನೂರು ಜನರಲ್ಲಿ ಹೆಚ್ಚಿನವರ ಹೆಸರು ಕೂಡ ಉಳಿದಿಲ್ಲ. ಬಸ್ರಾದ ಮಣ್ಣಿನಲ್ಲಿ, ಇಸ್ತಾಂಬುಲ್‌ನ ಪ್ಲೇಗಿನಲ್ಲಿ, ನಡುಗಡಲಿನಲ್ಲಿ ಮುಗಿದುಹೋದ ಅವರನ್ನು ಎಷ್ಟು ಮನೆಗಳಲ್ಲಿ, ಎಷ್ಟು ವರ್ಷ ಕಾದರೋ!